ಒಂದರಿಂದ ಐದನೇ ತರಗತಿಯ ಕನ್ನಡ ಓದು–ಬರಹ: ಪ್ರತಿ ಮಗುವಿನ ಮಟ್ಟ ತಿಳಿಯುವ ಸಮಗ್ರ ಮಾರ್ಗದರ್ಶಿ

ಜೂನ್ ತಿಂಗಳಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಗೊಳಿಸುವ ಸೇತುಬಂಧದ ನೈದಾನಿಕ ಪರೀಕ್ಷೆ, ಆಮೇಲೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವಿನ) ಮತ್ತು ಎರಡು ಸಂಕಲನಾತ್ಮಕ (ಅವಧಿಯ ಕೊನೆಯ) ಮೌಲ್ಯಮಾಪನಗಳು ಮುಗಿದ ಮೇಲೂ, ನಾಲ್ಕನೇ ತರಗತಿಯ ಮಗುವೊಂದಕ್ಕೆ ಒತ್ತಕ್ಷರ ಓದಲು ಬರುವುದಿಲ್ಲ ಎಂಬ ಸಂಗತಿ ಹೊರಗಿನಿಂದ ಬಂದವರು ಪುಸ್ತಕ ತೆರೆಸಿದಾಗಲೇ ಬಯಲಾಗುವುದು ಅನೇಕ ಶಾಲೆಗಳಲ್ಲಿ ನಡೆಯುತ್ತಲೇ ಇದೆ. ಇಡೀ ತರಗತಿಗೆ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು, ಬಂದ ಅಂಕವನ್ನು ವಹಿಯಲ್ಲಿ ತುಂಬಿದರೆ ಮಗು ಎಲ್ಲಿ ನಿಂತಿದೆ ಎಂಬುದು ತಿಳಿಯುವುದಿಲ್ಲ. ಓದು ತಿಳಿಯಬೇಕಾದರೆ ಒಬ್ಬೊಬ್ಬರನ್ನೇ ಓದಿಸಿ ಕೇಳಬೇಕು, ಬರಹ ತಿಳಿಯಬೇಕಾದರೆ ನಕಲಿಗೆ ಅವಕಾಶವಿಲ್ಲದಂತೆ ಬರೆಯಿಸಬೇಕು. ಇವೆರಡರಲ್ಲೂ ಅಂಕಕ್ಕಿಂತ ಮೊದಲು ತಪ್ಪಿನ ಬಗೆಯನ್ನು ಬರೆದುಕೊಳ್ಳಬೇಕು. ಮೂವತ್ತು ಮಕ್ಕಳ ತರಗತಿಯಲ್ಲಿ ಇದನ್ನು ಹೊಂದಿಸಿಕೊಳ್ಳುವ ಕ್ರಮ ಮುಂದಿದೆ.

ಬೇಕಾಗುವ ಸಾಮಗ್ರಿ

ನಾಲ್ಕು ಭಾಗಗಳ ಒಂದು ಓದಿನ ಹಾಳೆ ಮತ್ತು ಬೇರೆ ಪಠ್ಯವಿರುವ ಅದರ ಎರಡು ಬದಲಿ ಪ್ರತಿಗಳು, ಪ್ರತಿ ಮಗುವಿಗೆ ಒಂದು ದಾಖಲೆ ಪುಟ, ಪೆನ್ಸಿಲ್, ಮೊಬೈಲಿನ ಸ್ಟಾಪ್‌ವಾಚ್ ಮತ್ತು ಬಿಡಿ ಹಾಳೆಗಳು ಸಾಕು. ಬದಲಿ ಪ್ರತಿಗಳು ಏಕೆಂದರೆ, ಮೊದಲು ಓದಿ ಹೋದ ಮಗು ಹೊರಗೆ ಕಾಯುತ್ತಿರುವ ಗೆಳೆಯನಿಗೆ ಇಡೀ ಕಥೆಯನ್ನು ಒಪ್ಪಿಸಿರುತ್ತದೆ. ಕೆಂಪು ಶಾಯಿಯ ಪೆನ್ನು ಮಾತ್ರ ಈ ಕೆಲಸದಲ್ಲಿ ಬೇಡ. ಅದು ಮೇಜಿನ ಮೇಲೆ ಕಂಡರೆ ಸಾಕು, ಮಗುವಿನ ದನಿ ಇಳಿಯುತ್ತದೆ.

ಹಂತ 1: ಓದಿನ ಹಾಳೆ ಸಿದ್ಧಪಡಿಸುವುದು

ಪಠ್ಯಪುಸ್ತಕದ ಪಾಠವನ್ನು ಬಳಸಬಾರದು. ಮೂರನೇ ತರಗತಿಯ ಹುಡುಗಿಯೊಬ್ಬಳು ನನ್ನ ಮುಂದೆ ಕುಳಿತು ಒಂದು ಪಾಠವನ್ನು ತಡವರಿಸದೆ ‘ಓದಿದಳು’. ಬೆರಳು ಸಾಲಿನ ಮೇಲೆಯೇ ಇತ್ತು, ದನಿಯಲ್ಲಿ ಏರಿಳಿತವೂ ಇತ್ತು. ಆದರೆ ತೆರೆದಿದ್ದ ಪುಟ ಮುಂದಿನ ಪಾಠದ್ದು. ತರಗತಿಯಲ್ಲಿ ಒಕ್ಕೊರಲಿನಿಂದ ಹೇಳಿಸಿದ ಪಾಠ ಕಿವಿಯಿಂದ ಬಾಯಿಗೆ ಹೋಗಿತ್ತು. ಕಣ್ಣಿಗೆ ಅದರಲ್ಲಿ ಕೆಲಸವೇ ಇರಲಿಲ್ಲ. ಆದ್ದರಿಂದ ಮಗು ಹಿಂದೆಂದೂ ಕಾಣದ, ಆದರೆ ಅದಕ್ಕೆ ಪರಿಚಿತವಾದ ಸಂಗತಿಯ ಪಠ್ಯವನ್ನು ನೀವೇ ಬರೆಯಬೇಕು.

ಪ್ರಥಮ್ ಸಂಸ್ಥೆಯ ಮುತುವರ್ಜಿಯಲ್ಲಿ 2005ರಿಂದ ನಡೆದುಬಂದಿರುವ, ಮಕ್ಕಳ ಓದು ಮತ್ತು ಲೆಕ್ಕವನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಓದಿನ ಹಾಳೆಯಲ್ಲಿ ಅಕ್ಷರ, ಪದ, ಸಣ್ಣ ವಾಕ್ಯವೃಂದ, ಕಥೆ ಎಂಬ ನಾಲ್ಕು ಭಾಗಗಳಿವೆ. ಆ ವಿಂಗಡಣೆಯನ್ನೇ ಇಟ್ಟುಕೊಂಡು ಕನ್ನಡ ಲಿಪಿಗೆ ತಕ್ಕಂತೆ ಹೀಗೆ ತುಂಬಬಹುದು.

ಮೊದಲ ಭಾಗಕ್ಕೆ ಹತ್ತು ಅಕ್ಷರಗಳು. ವರ್ಣಮಾಲೆಯ ಅನುಕ್ರಮ ಬೇಡ. ಮ–ವ, ಪ–ಷ, ಬ–ಭ, ದ–ಧ ಮುಂತಾಗಿ ರೂಪದಲ್ಲಿ ಹತ್ತಿರವಿರುವವು ಬೇರೆ ಬೇರೆ ಸಾಲಿನಲ್ಲಿ ಬರಲಿ. ಎರಡನೆಯದಕ್ಕೆ ಕಾಗುಣಿತವಿರುವ, ಒತ್ತು ಇಲ್ಲದ ಹತ್ತು ಪದಗಳು. ಮೂರನೆಯದಕ್ಕೆ ಒತ್ತಕ್ಷರವೇ ಇಲ್ಲದ ನಾಲ್ಕು ವಾಕ್ಯಗಳು: “ಮರದ ಮೇಲೆ ಗಿಳಿ ಇದೆ. ಅದು ಹಸಿರು ಗಿಳಿ. ಗಿಳಿಗೆ ಮಾವು ಬೇಕು. ಅದು ಹಾರಿ ಹೋಯಿತು.” ನಾಲ್ಕನೆಯದಕ್ಕೆ ಒತ್ತು, ದೀರ್ಘ, ಅನುಸ್ವಾರ ಎಲ್ಲವೂ ಬೆರೆತ ಪುಟ್ಟ ಕಥೆ. ಮುಂದಿನ ವಿವರಣೆಗೆ ಈ ಇಪ್ಪತ್ತು ಪದಗಳ ಕಥೆಯನ್ನು ಇಟ್ಟುಕೊಳ್ಳೋಣ: “ಅಜ್ಜಿ ಸಂತೆಗೆ ಹೋದರು. ಒಂದು ಬುಟ್ಟಿ ತಂದರು. ಬುಟ್ಟಿಯಲ್ಲಿ ಕೋಳಿಮರಿ ಇತ್ತು. ಮರಿ ಬುಟ್ಟಿಯಿಂದ ಹಾರಿತು. ನಾಯಿ ಬೊಗಳಿತು. ಮರಿ ಓಡಿ ಬಂದು ಅಜ್ಜಿಯ ಸೆರಗಿನಲ್ಲಿ ಅಡಗಿತು.” ನಾಲ್ಕು, ಐದನೇ ತರಗತಿಗೆ ಇದಕ್ಕಿಂತ ಎರಡು ಮೂರು ಪಟ್ಟು ಉದ್ದದ ಕಥೆ ಬೇಕಾಗುತ್ತದೆ.

ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ–ಕಲಿ ತರಗತಿಗಳಲ್ಲಿ ಒಂದು ವಿಶೇಷ ಎಚ್ಚರ ಬೇಕು. ಕಾರ್ಡು ಮುಗಿಯಿತೆಂದು ಪ್ರಗತಿ ನೋಟದಲ್ಲಿ (ಮಗುವಿನ ಮುನ್ನಡೆ ಗುರುತಿಸುವ ದಾಖಲೆಯಲ್ಲಿ) ಮೆಟ್ಟಿಲು ದಾಟಿಸುವ ರೂಢಿ ಕೆಲವೆಡೆ ಬೆಳೆದಿದೆ. ರ, ಗ, ಸ, ದ, ಅ ಮುಗಿಸಿದ ಮಗುವಿಗೆ ಆ ಕಾರ್ಡಿನಲ್ಲಿಲ್ಲದ, ಅದೇ ಐದು ಅಕ್ಷರಗಳಿಂದಾದ ಒಂದು ಪದವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಓದಿಸಿ. ‘ಅಗಸ’ ಆಗಬಹುದು, ‘ಗರಗಸ’ ಆಗಬಹುದು. ಓದಿದರೆ ಮೆಟ್ಟಿಲು ದಾಟಿದೆ, ಇಲ್ಲವಾದರೆ ಚಿತ್ರ ನೋಡಿ ಹೇಳುತ್ತಿದೆ.

ಹಂತ 2: ಸಮಯ ಹೊಂದಿಸುವುದು

‘ಒಬ್ಬೊಬ್ಬರನ್ನೇ ಕೇಳಲು ಸಮಯವೆಲ್ಲಿದೆ’ ಎಂಬುದು ನ್ಯಾಯವಾದ ಆಕ್ಷೇಪ, ಅದರಲ್ಲೂ ಇಬ್ಬರೇ ಶಿಕ್ಷಕರಿರುವ ಶಾಲೆಗಳಲ್ಲಿ. ಲೆಕ್ಕ ಹಾಕಿ ನೋಡಿ: ಮಗುವಿಗೆ ಆರು ನಿಮಿಷದಂತೆ ದಿನಕ್ಕೆ ಐದು ಮಕ್ಕಳಾದರೆ ಅರ್ಧ ಗಂಟೆ. ಮೂವತ್ತು ಮಕ್ಕಳು ಆರು ದಿನದಲ್ಲಿ ಮುಗಿಯುತ್ತಾರೆ. ನಲಿ–ಕಲಿಯಲ್ಲಿ ಸ್ವಕಲಿಕೆಯ ಗುಂಪು ತನ್ನ ಕೆಲಸದಲ್ಲಿರುವಾಗ, ಮೇಲಿನ ತರಗತಿಗಳಲ್ಲಿ ಗ್ರಂಥಾಲಯದ ಅವಧಿಯಲ್ಲಿ ಇದನ್ನು ಮಾಡಬಹುದು. ಬಿಸಿಯೂಟದ ನಂತರದ ಹೊತ್ತು ಬೇಡ. ತೂಕಡಿಸುವ ಮಗುವಿನ ಓದು ಅದರ ನಿಜವಾದ ಓದಲ್ಲ.

ಜಾಗವೂ ಮುಖ್ಯ. ಜಗಲಿಯಲ್ಲಿ, ಉಳಿದವರ ಕಣ್ಣಿಗೆ ಕಾಣುವಂತೆ ಆದರೆ ಕಿವಿಗೆ ಕೇಳದಂತೆ, ಮಗುವಿನ ಎದುರಿಗಲ್ಲದೆ ಪಕ್ಕದಲ್ಲಿ ಕುಳಿತುಕೊಳ್ಳಿ.

ಹಂತ 3: ಓದಿಸುವ ಕ್ರಮ

1. ಹೆಸರು ಕರೆದು, ಮನೆಯ ಮಾತೊಂದನ್ನು ಆಡಿ, ‘ಇದು ಪರೀಕ್ಷೆಯಲ್ಲ, ನೀನು ಹೇಗೆ ಓದುತ್ತೀ ಅಂತ ಕೇಳಬೇಕು’ ಎಂದು ಹೇಳಿ.

2. ಮೂರನೆಯ ಭಾಗದಿಂದ, ಅಂದರೆ ನಾಲ್ಕು ಸರಳ ವಾಕ್ಯಗಳಿಂದ ಆರಂಭಿಸಿ. ವಾಕ್ಯವನ್ನು ವಾಕ್ಯದಂತೆಯೇ ಓದಿದರೆ ಕಥೆಗೆ ಹೋಗಿ. ಬಿಡಿ ಬಿಡಿಯಾಗಿ ತಡೆದರೆ ಪದಗಳಿಗೆ, ಅಲ್ಲೂ ಆಗದಿದ್ದರೆ ಅಕ್ಷರಗಳಿಗೆ ಇಳಿಯಿರಿ. ಅಕ್ಷರದಿಂದ ಶುರು ಮಾಡಿದರೆ ಚೆನ್ನಾಗಿ ಓದುವ ಮಗುವಿನ ಸಮಯ ವ್ಯರ್ಥ, ಕಥೆಯಿಂದ ಶುರು ಮಾಡಿದರೆ ಓದಲಾರದ ಮಗು ಮೊದಲ ನಿಮಿಷದಲ್ಲೇ ಬಾಯಿ ಮುಚ್ಚುತ್ತದೆ.

3. ಪದ ಅಥವಾ ಅಕ್ಷರದ ಭಾಗದಲ್ಲಿ ಯಾವುದಾದರೂ ಐದನ್ನು ಮಗುವೇ ಆರಿಸಿ ಓದಲಿ. ಐದರಲ್ಲಿ ನಾಲ್ಕು ಸರಿಯಾದರೆ ಆ ಮಟ್ಟ ದಾಟಿದೆ ಎಂದು ತಿಳಿಯಬಹುದು.

4. ಮಗು ನಿಂತರೆ ಐದು ಸೆಕೆಂಡು ಕಾಯಿರಿ. ಇದು ಕೇಳಲು ಸುಲಭ, ಮಾಡಲು ಬಹಳ ಕಷ್ಟ. ಮೊದಲ ಅಕ್ಷರವನ್ನು ಎತ್ತಿಕೊಡುವ ಅಭ್ಯಾಸ ನಮ್ಮ ನಾಲಿಗೆಗೆ ಅಂಟಿದೆ, ‘ಬು...’ ಎಂದು ನಾವೇ ಹೇಳಿ, ಮಗು ‘ಬುಟ್ಟಿ’ ಎಂದು ಮುಗಿಸಿದರೆ ಅದು ಓದಿದ್ದಲ್ಲ, ಊಹಿಸಿದ್ದು.

5. ನಿಮಿಷದ ಲೆಕ್ಕವನ್ನು ಮೌನವಾಗಿ ಇಟ್ಟುಕೊಳ್ಳಿ. ಮೊಬೈಲನ್ನು ಮಗುವಿನ ಮುಂದೆ ಹಿಡಿಯಬಾರದು.

ವೇಗದ ವಿಷಯದಲ್ಲಿ ಒಂದು ಮಾತು. ಓದು, ಬರಹ, ಲೆಕ್ಕದ ಬುನಾದಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಅಭಿಯಾನ ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ, ಮೂರನೇ ತರಗತಿಗೆ ಕನಿಷ್ಠ 60 ಪದ ಎಂಬ ಗುರಿ ಇಟ್ಟಿದೆ. ಕನ್ನಡದಲ್ಲಿ ‘ಹೋಗಬೇಕಾಗಿತ್ತು’ ಎಂಬುದು ಆರು ಅಕ್ಷರಗಳ ಒಂದೇ ಪದ. ಇದನ್ನೇ ಹಿಂದಿಯಲ್ಲಿ ಹೇಳಿದರೆ ಎರಡು ಮೂರು ಪದವಾಗುತ್ತದೆ. ವಿಭಕ್ತಿಗಳೂ ಪದಕ್ಕೇ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ ಪದಗಳ ಸಂಖ್ಯೆ ಪಠ್ಯದಿಂದ ಪಠ್ಯಕ್ಕೆ ಏರುಪೇರಾಗುತ್ತದೆ. ಗುರಿಯ ಸಂಖ್ಯೆ ಕಣ್ಣ ಮುಂದಿರಲಿ, ಆದರೆ ಮಗುವಿನ ವೇಗವನ್ನು ಅದೇ ಮಗುವಿನ ಹಿಂದಿನ ವೇಗದೊಡನೆ, ಅಷ್ಟೇ ಕಠಿಣವಾದ ಪಠ್ಯದಲ್ಲಿ ಹೋಲಿಸುವುದೇ ಹೆಚ್ಚು ಪ್ರಯೋಜನಕಾರಿ.

ಹಂತ 4: ತಪ್ಪನ್ನು ಮಗು ಆಡಿದಂತೆಯೇ ಬರೆದುಕೊಳ್ಳುವುದು

ಇಡೀ ಕ್ರಮದ ತಿರುಳು ಇದು. ಓದುತ್ತಿರುವ ಕಥೆಯ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ. ಬಿಟ್ಟ ಪದಕ್ಕೆ ಅಡ್ಡಗೆರೆ ಎಳೆಯಿರಿ; ತಪ್ಪಾಗಿ ಓದಿದ ಪದದ ಮೇಲೆ ಮಗು ಆಡಿದ್ದನ್ನೇ ಬರೆಯಿರಿ; ತಾನೇ ತಿದ್ದಿಕೊಂಡರೆ ‘ತಾ’ ಎಂದು ಗುರುತಿಸಿ, ಅದನ್ನು ತಪ್ಪಿನ ಲೆಕ್ಕಕ್ಕೆ ಸೇರಿಸಬೇಡಿ. ಹೆಚ್ಚು ಹೊತ್ತು ನಿಂತಲ್ಲಿ ಚುಕ್ಕಿ ಇಡಿ.

ಮೇಲಿನ ಕಥೆಯನ್ನು ಇಬ್ಬರು ಮಕ್ಕಳು ಓದಿದರೆಂದು ಇಟ್ಟುಕೊಳ್ಳಿ. ಮೊದಲನೆಯ ಮಗು ‘ಅಜಿ’, ‘ಬುಟಿ’, ‘ಬುಟಿಯಲಿ’, ‘ಇತು’, ‘ಬುಟಿಯಿಂದ’, ‘ಅಜಿಯ’, ‘ಸೆರಗಿನಲಿ’ ಎಂದು ಏಳು ಪದಗಳಲ್ಲಿ ತಪ್ಪಿತು. ಎರಡನೆಯ ಮಗು ‘ಸಂತಗೆ’, ‘ಹೊದರು’, ‘ಕೊಳಿಮರಿ’, ‘ಹರಿತು’, ‘ನಯಿ’, ‘ಬಗಳಿತು’, ‘ಒಡಿ’ ಎಂದು ಏಳರಲ್ಲೇ ತಪ್ಪಿತು. ಅಂಕದ ವಹಿಯಲ್ಲಿ ಇಬ್ಬರಿಗೂ ಇಪ್ಪತ್ತಕ್ಕೆ ಹದಿಮೂರು ಬೀಳುತ್ತದೆ. ಆದರೆ ಮೊದಲನೆಯ ಮಗುವಿನ ಏಳು ತಪ್ಪಿಗೂ ಕಾರಣ ಒಂದೇ: ಕಥೆಯಲ್ಲಿ ಒತ್ತಕ್ಷರವಿರುವ ಪದಗಳು ಏಳೇ, ಆ ಏಳರಲ್ಲೂ ಅದು ಒತ್ತನ್ನು ಬಿಟ್ಟಿದೆ, ಕಾಗುಣಿತದಲ್ಲಿ ಎಲ್ಲಿಯೂ ಎಡವಿಲ್ಲ. ಎರಡನೆಯ ಮಗುವಿಗೆ ಒತ್ತು ಬರುತ್ತದೆ, ಸ್ವರಚಿಹ್ನೆ ಮತ್ತು ದೀರ್ಘ ಬರುವುದಿಲ್ಲ. ಇಬ್ಬರನ್ನೂ ಒಂದೇ ‘ಹಿಂದುಳಿದ’ ಗುಂಪಿನಲ್ಲಿ ಕೂರಿಸಿ ವರ್ಣಮಾಲೆ ತಿದ್ದಿಸಿದರೆ ಇಬ್ಬರಿಗೂ ಬೇಕಾದದ್ದು ಸಿಗುವುದಿಲ್ಲ.

ಇನ್ನೂ ಮೂರು ಬಗೆಯ ತಪ್ಪುಗಳನ್ನು ಬೇರ್ಪಡಿಸಿ ಗುರುತಿಸಬೇಕು. ‘ಬೊಗಳಿತು’ ಎಂಬುದನ್ನು ‘ಬಂತು’ ಎಂದು ಓದುವ ಮಗು ಮೊದಲ ಅಕ್ಷರವನ್ನಷ್ಟೇ ನೋಡಿ ಉಳಿದದ್ದನ್ನು ಊಹಿಸುತ್ತಿದೆ. ‘ಬಕ್ಕೆ ಕೊಂಬು ಬು’ ಎಂದು ಕಾಗುಣಿತ ಒಪ್ಪಿಸುತ್ತಾ ಹೋಗಿ ಕೊನೆಗೆ ಪದ ಕೂಡಿಸಲಾರದ ಮಗುವಿಗೆ ಚಿಹ್ನೆಗಳೆಲ್ಲ ಗೊತ್ತು, ಕೂಡಿಸುವ ಅಭ್ಯಾಸ ಸಾಲದು. ‘ಸೂರ್ಯ’ವನ್ನು ‘ಸೂಯರ್’ ಎನ್ನುವ ಮಗುವಿನದು ಅರ್ಕಾವೊತ್ತಿನ ಸಮಸ್ಯೆ: ಬರಹದಲ್ಲಿ ಅಕ್ಷರದ ನಂತರ ನಿಂತ ‘೯’ ಗುರುತನ್ನು ಉಚ್ಚಾರದಲ್ಲಿ ಆ ಅಕ್ಷರಕ್ಕಿಂತ ಮೊದಲು ತರಬೇಕೆಂದು ಅದಕ್ಕೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಉಚ್ಚಾರಭೇದವನ್ನು ಓದಿನ ತಪ್ಪೆಂದು ಎಣಿಸಬಾರದು

ಧಾರವಾಡದ ಕಡೆಯ ಮಗು ‘ಮನೆ’ಯನ್ನು ‘ಮನಿ’ ಎಂದು ಓದಿದರೆ, ಮಂಡ್ಯದ ಹಳ್ಳಿಯ ಮಗು ‘ಹಣ್ಣು’ ಎಂಬುದನ್ನು ‘ಅಣ್ಣು’ ಎಂದರೆ ಅದು ಮನೆಯ ಮಾತು. ಲಿಪಿ ಗೊತ್ತಿಲ್ಲದಿರುವುದಕ್ಕೆ ಸಾಕ್ಷಿಯಲ್ಲ. ಅನುಮಾನವಿದ್ದರೆ ಹ ಮತ್ತು ಅ ಎರಡನ್ನೂ ಬರೆದು, ‘ಹಸುವಿನ ಹ ಯಾವುದು, ಅಮ್ಮನ ಅ ಯಾವುದು’ ಎಂದು ಬೆರಳಿಟ್ಟು ತೋರಿಸಲು ಹೇಳಿ. ತೋರಿಸಿದರೆ ಓದು ಸರಿಯಿದೆ. ಮನೆಯಲ್ಲಿ ತುಳು, ಲಂಬಾಣಿ, ಉರ್ದು, ತೆಲುಗು ಆಡುವ ಮಕ್ಕಳಲ್ಲಿ ಈ ಪರಿಶೀಲನೆ ಇನ್ನಷ್ಟು ಅಗತ್ಯ; ಅವರು ಓದಲು ಎಡವುತ್ತಿದ್ದಾರೋ, ಆ ಕನ್ನಡ ಪದವನ್ನೇ ಕೇಳಿಲ್ಲವೋ ಎಂಬುದು ಪದದ ಅರ್ಥ ಕೇಳಿದಾಗ ತಿಳಿಯುತ್ತದೆ.

ಹಂತ 5: ಅರ್ಥ ತಿಳಿದಿದೆಯೇ ಎಂದು ನೋಡುವುದು

ಹಾಳೆಯನ್ನು ಮುಚ್ಚದೆ ಎರಡು ಮೂರು ಪ್ರಶ್ನೆ ಕೇಳಿ. ‘ಅಜ್ಜಿ ಎಲ್ಲಿಗೆ ಹೋದರು’ ಎಂಬಂಥದ್ದು ಒಂದು ಸಾಕು, ಏಕೆಂದರೆ ಅದಕ್ಕೆ ಉತ್ತರ ಸಾಲಿನಲ್ಲೇ ಇದೆ. ‘ಮರಿ ಸೆರಗಿನಲ್ಲಿ ಏಕೆ ಅಡಗಿತು’ ಎಂಬ ಪ್ರಶ್ನೆ ಬೇರೆ ಜಾತಿಯದು. ಮರಿ ಹೆದರಿತೆಂದು ಕಥೆಯಲ್ಲಿ ಎಲ್ಲಿಯೂ ಬರೆದಿಲ್ಲ, ನಾಯಿ ಬೊಗಳಿದ್ದನ್ನೂ ಮರಿ ಓಡಿದ್ದನ್ನೂ ಮಗುವೇ ಜೋಡಿಸಬೇಕು. ಉತ್ತರ ಮನೆಮಾತಿನಲ್ಲಿ ಬಂದರೂ, ಒಂದೇ ಪದದಲ್ಲಿ ಬಂದರೂ, ಕೈಸನ್ನೆಯಲ್ಲಿ ಬಂದರೂ ಸ್ವೀಕರಿಸಿ. ಸರಾಗವಾಗಿ ಓದಿಯೂ ಎರಡನೆಯ ಬಗೆಯ ಪ್ರಶ್ನೆಗೆ ಸುಮ್ಮನಾಗುವ ಮಕ್ಕಳ ಹೆಸರನ್ನು ಬೇರೆಯಾಗಿ ಬರೆದುಕೊಳ್ಳಿ. ಇವರು ಯಾವ ಪರೀಕ್ಷೆಯಲ್ಲೂ ಸಿಕ್ಕಿಬೀಳುವುದಿಲ್ಲ, ಐದನೇ ತರಗತಿಯ ಪರಿಸರ ಅಧ್ಯಯನದ ಪುಸ್ತಕದ ಮುಂದೆ ಸಿಕ್ಕಿಬೀಳುತ್ತಾರೆ.

ಹಂತ 6: ಉಕ್ತಲೇಖನ

ಕಪ್ಪುಹಲಗೆ ನೋಡಿ ದುಂಡಗೆ ಇಳಿಸಿದ ಬರಹ ಕೈಬರಹದ ಅಭ್ಯಾಸವೇ ಹೊರತು ಬರವಣಿಗೆಯ ಅಳತೆಯಲ್ಲ. ಉಕ್ತಲೇಖನವೇ ಬೇಕು, ಅದರ ಪದಗಳೂ ಯೋಚಿಸಿ ಆರಿಸಿದವಾಗಿರಬೇಕು. ಹನ್ನೆರಡು ಪದಗಳ ಒಂದು ಮಾದರಿ: ಮರ, ದನ, ಕೋಳಿ, ಬೀಗ, ಹೂವು, ಸಂತೆ, ಗಂಟೆ, ಅಪ್ಪ, ಹಣ್ಣು, ಕತ್ತೆ, ಪುಸ್ತಕ, ಸೂರ್ಯ. ಸರಳಾಕ್ಷರದಿಂದ ಕಾಗುಣಿತ, ಅನುಸ್ವಾರ, ಸಜಾತೀಯ ಒತ್ತು, ವಿಜಾತೀಯ ಒತ್ತಿನವರೆಗೆ ಇಲ್ಲಿ ಒಂದೊಂದು ಗುಂಪಿಗೂ ಒಂದೊಂದು ಉದ್ದೇಶವಿದೆ. ‘ಹೂವು’ ಬೇಕೆಂದೇ ಇಟ್ಟದ್ದು: ವಕಾರಕ್ಕೆ ಕೊಂಬನ್ನು ಕೆಳಗಿನಿಂದ ಹಾಕದೆ ಪಕ್ಕಕ್ಕೆ ಎಳೆದರೆ ಅದು ಮಕಾರವಾಗಿಬಿಡುತ್ತದೆ, ಹಾಳೆಯಲ್ಲಿ ‘ಹೂಮ’ ಕಾಣಿಸುತ್ತದೆ.

ಪದವನ್ನು ಒಮ್ಮೆ ಬಿಡಿಯಾಗಿ, ಒಮ್ಮೆ ವಾಕ್ಯದೊಳಗೆ, ಮತ್ತೊಮ್ಮೆ ಬಿಡಿಯಾಗಿ ಹೇಳಿ. ‘ಅಪ್...ಪ’ ಎಂದು ಎಳೆದು ಹೇಳಿದರೆ ಒತ್ತನ್ನು ನೀವೇ ಎತ್ತಿಕೊಟ್ಟಂತೆ. ಮಕ್ಕಳ ನಡುವೆ ಒಂದು ಮೊಳ ಅಂತರವಿರಲಿ.

ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ಮಕ್ಕಳ ಹೆಸರನ್ನು ಕೆಳಮುಖವಾಗಿ, ಪದಗಳನ್ನು ಅಡ್ಡಲಾಗಿ ಬರೆದು ಕೋಷ್ಟಕ ಮಾಡಿ. ಸರಿಯಿದ್ದಲ್ಲಿ ಸರಿಗುರುತು, ತಪ್ಪಿದ್ದಲ್ಲಿ ಮಗು ಬರೆದ ರೂಪವನ್ನೇ ಬರೆಯಿರಿ. ‘ಸೂರ್ಯ’ದ ಕಂಬಸಾಲು ಪೂರ್ತಿ ತಪ್ಪಿದ್ದರೆ ಅದನ್ನು ಇಡೀ ತರಗತಿಗೆ ಮತ್ತೆ ಕಲಿಸಬೇಕು, ದೋಷ ಮಕ್ಕಳದ್ದಲ್ಲ. ಒಂದೇ ಮಗುವಿನ ಅಡ್ಡಸಾಲು ತಪ್ಪುಗಳಿಂದ ತುಂಬಿದ್ದರೆ ಆ ಮಗುವಿನ ಪಕ್ಕದಲ್ಲಿ ಕೂರಬೇಕು.

ಹಂತ 7: ಸ್ವಂತ ಬರಹ

ಇಲ್ಲಿಯೇ ಹೆಚ್ಚಿನವರು ಎಡವುವುದು. ‘ಹಸು’ವಿನ ಬಗ್ಗೆ ಐದು ವಾಕ್ಯ ಬರೆಯಿರಿ ಎಂದರೆ ತರಗತಿಯ ಮೂವತ್ತು ಹಾಳೆಗಳಲ್ಲೂ ‘ಹಸು ಒಂದು ಸಾಕುಪ್ರಾಣಿ, ಹಸುವಿಗೆ ನಾಲ್ಕು ಕಾಲುಗಳಿವೆ’ ಎಂದೇ ಬರುತ್ತದೆ. ಅದು ಕಂಠಪಾಠದ ನಕಲು. ಬದಲಿಗೆ ಮೊದಲು ಐದು ನಿಮಿಷ ಮಾತಾಡಿಸಿ, ‘ಈ ವಾರ ನಿಮ್ಮ ಮನೆಯಲ್ಲಿ ಏನಾಯಿತು’ ಎಂದು ಕೇಳಿ, ಹೇಳಿದ್ದನ್ನೇ ಹತ್ತು ನಿಮಿಷದಲ್ಲಿ ಬರೆಯಲು ಬಿಡಿ. ಕಾಗುಣಿತ ಕೇಳಿದರೆ ‘ನಿನಗೆ ಹೇಗೆ ತೋಚುತ್ತದೋ ಹಾಗೆ ಬರೆ’ ಎನ್ನಿ.

ಹೀಗೆ ಬರುವ ಒಂದು ಬರಹವನ್ನು ನೋಡೋಣ: “ನಮ ಆಡು ಮರಿ ಹಕಿತು ಎರಡು ಮರಿ ಕಪು ಒದು ಬಿಳಿ ಒದು”. ಕೆಂಪು ಶಾಯಿಗೆ ಇಲ್ಲಿ ಐದು ತಪ್ಪು ಕಾಣುತ್ತದೆ, ಪೂರ್ಣವಿರಾಮಗಳ ಕೊರತೆ ಬೇರೆ. ಬರಹವನ್ನು ಅಳೆಯುವವರು ಎರಡು ಸಾಲು ಬರೆದುಕೊಳ್ಳಬೇಕು. ಮೊದಲ ಸಾಲು ಹೇಳಿದ್ದರ ಬಗ್ಗೆ: ಮಗುವಿನದೇ ಸಂಗತಿ, ಘಟನೆಯಿಂದ ವಿವರಕ್ಕೆ ಹೋಗಿದೆ, ಎರಡು ಮರಿಗಳನ್ನು ಬಣ್ಣದಿಂದ ಬೇರ್ಪಡಿಸಿದೆ, ಮೂರು ಪೂರ್ಣ ವಿಚಾರಗಳಿವೆ. ಎರಡನೆಯ ಸಾಲು ಲಿಪಿಯ ಬಗ್ಗೆ: ‘ನಮ್ಮ’, ‘ಕಪ್ಪು’ ಪದಗಳಲ್ಲಿ ಒತ್ತು ಇಲ್ಲ, ‘ಹಾಕಿತು’ ಪದದ ಮೊದಲಕ್ಷರಕ್ಕೆ ದೀರ್ಘವಿಲ್ಲ, ‘ಒಂದು’ ಎರಡು ಸಲವೂ ಅನುಸ್ವಾರವಿಲ್ಲದೆ ಬಂದಿದೆ. ಈ ಎರಡು ಸಾಲನ್ನು ಕೂಡಿಸಿ ಒಂದೇ ಅಂಕ ಮಾಡಿದರೆ, ಹಸುವಿನ ಪ್ರಬಂಧ ಇಳಿಸಿದ ಮಗು ಮುಂದೆ, ಆಡಿನ ಸುದ್ದಿ ಬರೆದ ಮಗು ಹಿಂದೆ ಆಗುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ಬರೆಯಲು ಕಲಿತಿರುವ ಮಗು. ಅದಕ್ಕೆ ಬೇಕಿರುವುದು ಕೆಲವು ವಾರಗಳ ಒತ್ತು ಮತ್ತು ಅನುಸ್ವಾರದ ಅಭ್ಯಾಸ.

ಬರಹವನ್ನು ತಿದ್ದಿ ತುಂಬಿಸಬೇಡಿ. ಒಂದು ಸಲಕ್ಕೆ ಒಂದೇ ಬಗೆಯ ತಪ್ಪನ್ನು ಎತ್ತಿಕೊಂಡು, ಪಕ್ಕದಲ್ಲಿ ಸರಿಯಾದ ರೂಪ ಬರೆದು ತೋರಿಸಿ.

ಹಂತ 8: ಗುಂಪು ಮಾಡುವುದು, ಮತ್ತೆ ಅಳೆಯುವುದು

ಅಳತೆ ಮುಗಿದ ವಾರದಲ್ಲೇ ಗುಂಪು ಮಾಡಿ, ಆದರೆ ತಪ್ಪಿನ ಬಗೆಯ ಮೇಲೆ: ಅಕ್ಷರ ಗುರುತಿಸಬೇಕಾದವರು, ಕಾಗುಣಿತದವರು, ಒತ್ತಿನವರು, ಓದಿದ್ದರ ಅರ್ಥ ಹಿಡಿಯಬೇಕಾದವರು. ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ ಗುಂಪಿನಲ್ಲಿ ಕೂತರೆ ಸಾಕು, ಉಳಿದ ಹೊತ್ತು ಎಲ್ಲರೂ ಒಟ್ಟಿಗಿರಲಿ. ಗುಂಪಿಗೆ ಹೂವಿನ ಹೆಸರಿಟ್ಟರೂ ‘ಡಲ್’ ಗುಂಪು ಯಾವುದೆಂದು ಮಕ್ಕಳಿಗೆ ಎರಡೇ ದಿನದಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಗುಂಪು ಮೇಲಿಂದ ಮೇಲೆ ಬದಲಾಗುವುದೊಂದೇ ಅದಕ್ಕೆ ಮದ್ದು.

ಆರು ವಾರಕ್ಕೊಮ್ಮೆ ಬದಲಿ ಹಾಳೆಯಿಂದ ಅಳೆಯಿರಿ. ಜೂನ್‌ನಲ್ಲಿ ಸೇತುಬಂಧದ ಜೊತೆಗೆ ಮೊದಲ ಸುತ್ತು, ದಸರಾ ರಜೆ ಮುಗಿದ ವಾರದಲ್ಲಿ ತಪ್ಪದೆ ಒಂದು ಸುತ್ತು ಇರಲಿ. ಎಲ್ಲರಿಗೂ ಪೂರ್ತಿ ಅಳತೆ ಬೇಕಿಲ್ಲ. ಕಥೆ ಸರಾಗವಾಗಿ ಓದಿ ಅರ್ಥ ಹೇಳುವವರಿಗೆ ಸ್ವಂತ ಬರಹವಷ್ಟೇ ಸಾಕು, ಉಳಿದ ಸಮಯ ಕೆಳಗಿನ ಮಟ್ಟದವರದ್ದು.

ಎಚ್ಚರಿಕೆಯ ಲಕ್ಷಣಗಳು

ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುವುದು, ಹಲಗೆ ನೋಡುವಾಗ ಕಣ್ಣು ಕಿರಿದಾಗಿಸುವುದು ಕಂಡರೆ ಓದಿನ ಚಿಂತೆ ಬದಿಗಿಟ್ಟು ಮೊದಲು ಕಣ್ಣು ತೋರಿಸಬೇಕು. ಎದುರಿಗೆ ಹೇಳಿದಾಗ ಸರಿಯಾಗಿ ಬರೆದು, ಬೆನ್ನ ಹಿಂದಿನಿಂದ ಹೇಳಿದಾಗ ತಪ್ಪುವ ಮಗು ತುಟಿ ನೋಡಿ ಬರೆಯುತ್ತಿರಬಹುದು. ಕಿವಿ ಪರೀಕ್ಷೆ ಆಗಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ತಂಡ ಶಾಲೆಗೆ ಬರುವ ದಿನ ಈ ಮಕ್ಕಳ ಹೆಸರಿನ ಚೀಟಿ ನಿಮ್ಮ ಕೈಯಲ್ಲಿರಲಿ. ಇಲ್ಲವಾದರೆ ಇಡೀ ಶಾಲೆಯ ಗದ್ದಲದಲ್ಲಿ ಇವರು ತಪ್ಪಿಹೋಗುತ್ತಾರೆ.

ಮಾತಿನಲ್ಲಿ ಚುರುಕಾಗಿದ್ದು, ದಿನವೂ ಶಾಲೆಗೆ ಬಂದು, ಎರಡು ಮೂರು ಸುತ್ತಿನ ಪ್ರತ್ಯೇಕ ಗಮನದ ನಂತರವೂ ಅಕ್ಷರ ಮಟ್ಟದಲ್ಲೇ ಉಳಿದ ಮಗುವಿನ ವಿಷಯದಲ್ಲಿ ತಾಲ್ಲೂಕಿನ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು (ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು) ಸಂಪರ್ಕಿಸಿ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದೆ. ಆದರೆ ಆ ಹೆಸರನ್ನು ಇಡುವುದು ತಜ್ಞರ ಕೆಲಸ, ಸಿಬ್ಬಂದಿ ಕೊಠಡಿಯ ಮಾತಿನದಲ್ಲ. ವಾರಕ್ಕೆ ಎರಡು ದಿನ ಗೈರಾಗುವ ಮಗುವಿನ ಹಾಜರಿ ಪುಸ್ತಕವನ್ನು ಇದಕ್ಕೂ ಮೊದಲು ತೆರೆದು ನೋಡಬೇಕು.

ದಾಖಲೆ ಮತ್ತು ಪೋಷಕರೊಡನೆ ಮಾತು

ಮಗುವಿಗೊಂದು ಪುಟ, ಸುತ್ತಿಗೆ ಮೂರು ಸಾಲು: ದಿನಾಂಕ ಮತ್ತು ಓದಿನ ಮಟ್ಟ, ಪದೇ ಪದೇ ಬರುವ ತಪ್ಪು, ಮುಂದೆ ಕಲಿಸಬೇಕಾದದ್ದು. ಸ್ವಂತ ಬರಹದ ಹಾಳೆಗಳನ್ನು ಅದೇ ಪುಟಕ್ಕೆ ಪಿನ್ ಮಾಡಿ. ‘ಸುಧಾರಣೆ ಅಗತ್ಯ’ ಎಂಬ ಷರಾ ಬರೆಯಬೇಡಿ. ‘ಲ್ಲ, ತ್ತ, ನ್ನ ಓದುತ್ತದೆ, ಸ್ತ, ರ್ಯ ಓದುವುದಿಲ್ಲ’ ಎಂದು ಬರೆದರೆ ಮುಂದಿನ ಶಿಕ್ಷಕರಿಗೆ ಕೆಲಸ ಗೊತ್ತಾಗುತ್ತದೆ. ರೂಪಣಾತ್ಮಕ ಮೌಲ್ಯಮಾಪನದ ಅಂಕಗಳಿಗೂ ಈ ಪುಟವೇ ಆಧಾರವಾಗಲಿ.

ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಬದಲು ಜೂನ್ ಮತ್ತು ನವೆಂಬರಿನ ಎರಡು ಬರಹಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ. ಓದಲು ಬಾರದ ತಾಯಿಗೂ ಒಂದು ಸಾಲು ಐದು ಸಾಲಾಗಿರುವುದು ಕಾಣುತ್ತದೆ. ಅದೇ ಹಾಳೆಯನ್ನು ಮಗುವಿನ ಕೈಗೆ ಕೊಟ್ಟು, ಅಮ್ಮನಿಗೆ ಓದಿ ಹೇಳಲು ಬಿಡಿ. ಏಪ್ರಿಲ್‌ನಲ್ಲಿ ಮಗು ಮೂರರಿಂದ ನಾಲ್ಕಕ್ಕೆ, ನಲಿ–ಕಲಿಯ ಕೊಠಡಿಯಿಂದ ಬೆಂಚಿನ ಕೊಠಡಿಗೆ ಹೋಗುವಾಗ ಈ ಪುಟವೂ ಅದರ ಜೊತೆಗೆ ಹೋಗಬೇಕು. ಬೀರುವಿನಲ್ಲಿ ಉಳಿದರೆ ಜೂನ್‌ನಲ್ಲಿ ಹೊಸ ಶಿಕ್ಷಕರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.